ಮಂಡಿ ಸವೆತಕ್ಕೆ ಗಾಂಜಾ ಎಣ್ಣೆ: ಕೀಲಿನಲ್ಲಿರುವ ಗ್ರಾಹಿಗಳು ಏನು ಹೇಳುತ್ತವೆ?

ಡೊಂಬಿವಲಿ ಅಥವಾ ಕಲ್ಯಾಣ್ ನಿಲ್ದಾಣದ ಮೇಲ್ಸೇತುವೆ ಇಳಿಯುವಾಗ ಮಂಡಿ ಚುಚ್ಚಿ, ಕಂಬಿ ಹಿಡಿಯಲೇಬೇಕಾಗುತ್ತದೆಯೇ? ಐವತ್ತು ದಾಟಿದವರಲ್ಲಿ ಇದಕ್ಕೆ ಸಾಮಾನ್ಯ ಕಾರಣ ಕೀಲು ಸವೆತ. ವೈದ್ಯರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಇದಕ್ಕೆಂದು ‘ಸಿಬಿಡಿ ಎಣ್ಣೆ’, ‘ವಿಜಯಾ ಎಣ್ಣೆ’ ಎಂಬ ಸಣ್ಣ ಸೀಸೆಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಥಾಣೆ, ನವಿಮುಂಬಯಿಯ ಮನೆಬಾಗಿಲಿಗೂ ಬರುತ್ತವೆ. ಬೆಲೆ ಕಡಿಮೆಯೇನಲ್ಲ.

ಈ ಆಲೋಚನೆ ಹೊಸದಲ್ಲ. 1839ರಲ್ಲಿ ಕಲ್ಕತ್ತಾದ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಓಶಾನೆಸ್ಸಿ ಗಂಟುನೋವಿನ ರೋಗಿಗಳಿಗೆ ಗಾಂಜಾ ಸತ್ವ ಕೊಟ್ಟು ನೋಡಿದ್ದರು. ಅದು ದೇಹದಲ್ಲಿ ಎಲ್ಲಿ ಕೆಲಸ ಮಾಡುತ್ತದೆ ಎಂಬುದು ತಿಳಿದದ್ದು ಮಾತ್ರ ಒಂದೂವರೆ ಶತಮಾನದ ನಂತರ. ಜೀವಕೋಶಗಳ ಮೇಲೆ, ನಿರ್ದಿಷ್ಟ ರಾಸಾಯನಿಕ ಬಂದು ಕೂತರೆ ಮಾತ್ರ ಕೆಲಸ ಶುರುಮಾಡುವ ತಾಣಗಳಿರುತ್ತವೆ. ಇವೇ ಗ್ರಾಹಿಗಳು. ಗಾಂಜಾದ ಅಂಶ ಕೂರುವ ಸಿಬಿ1 ಗ್ರಾಹಿಯ ರಚನೆ 1990ರಲ್ಲಿ, ಸಿಬಿ2ರದ್ದು 1993ರಲ್ಲಿ ಗೊತ್ತಾಯಿತು. ನಡುವೆ 1992ರಲ್ಲಿ, ಈ ತಾಣಕ್ಕೆಂದೇ ನಮ್ಮ ದೇಹ ತಯಾರಿಸುವ ರಾಸಾಯನಿಕ ಸಿಕ್ಕಿತು. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ ‘ಆನಂದ’ ಪದದಿಂದಲೇ.

ಸಿಬಿ1 ಹೆಚ್ಚಾಗಿ ಮೆದುಳು ಮತ್ತು ನರಗಳಲ್ಲಿದೆ. ಅದು ನೋವಿನ ಸಂದೇಶವನ್ನು ತಗ್ಗಿಸುತ್ತದೆ, ಆದರೆ ಅಮಲು, ತಲೆಸುತ್ತು ಬರುವುದೂ ಅದರಿಂದಲೇ. ಸಿಬಿ2 ಮುಖ್ಯವಾಗಿ ರೋಗನಿರೋಧಕ ಕೋಶಗಳಲ್ಲಿದ್ದು ಉರಿಯೂತವನ್ನು ನಿಯಂತ್ರಿಸುತ್ತದೆ. ಸವೆದ ಮಂಡಿಯ ಒಳಪೊರೆಯಲ್ಲೂ ಮೃದ್ವಸ್ಥಿಯಲ್ಲೂ ಈ ಗ್ರಾಹಿಗಳು ಕಂಡುಬಂದಿವೆ. ಸಿಬಿ2 ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಕೀಲು ಹೆಚ್ಚು ಹಾಳಾಯಿತು. ಅಮಲಿಲ್ಲದೆ ನೋವನ್ನೂ ಸವೆತವನ್ನೂ ತಡೆಯಬಹುದೆಂಬ ಆಸೆ ಹುಟ್ಟಿದ್ದು ಇಲ್ಲಿಂದ.

ಆದರೆ ಮನುಷ್ಯರ ಮಂಡಿ ಒಪ್ಪಲಿಲ್ಲ. ಆನಂದಮೈಡ್ ಕರಗದಂತೆ ತಡೆಯುವ ಮಾತ್ರೆಯೊಂದರ ಪರೀಕ್ಷೆಯ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಮಾತ್ರೆ ತನ್ನ ಕೆಲಸ ಮಾಡಿತ್ತು, ರಕ್ತದಲ್ಲಿ ಆನಂದಮೈಡ್ ಏರಿತ್ತು. ನೋವು ಮಾತ್ರ ಖಾಲಿ ಮಾತ್ರೆ ನುಂಗಿದವರಿಗಿಂತ ಕಡಿಮೆಯಾಗಲಿಲ್ಲ. ಅದೇ ಪರೀಕ್ಷೆಯಲ್ಲಿ ಹಳೆಯ ನೋವುನಿವಾರಕ ನಾಪ್ರೋಕ್ಸೆನ್ ಫಲ ಕೊಟ್ಟಿತು. ಹಾಗಾಗಿ ಪರೀಕ್ಷೆಯೇ ಸರಿಯಿರಲಿಲ್ಲ ಎನ್ನುವಂತಿಲ್ಲ. ಸಿಬಿ2ರ ಮೇಲೆ ಕೆಲಸ ಮಾಡುವ ಇನ್ನೊಂದು ಔಷಧವೂ ಮಂಡಿನೋವಿನಲ್ಲಿ ಸೋತಿತು. ಸಿಬಿಡಿಯ ಕಥೆಯೂ ಇದೇ. ಡೆನ್ಮಾರ್ಕ್‌ನಲ್ಲಿ ಕೈಬೆರಳ ಕೀಲುನೋವಿಗೆ ದಿನಕ್ಕೆ 20–30 ಮಿಲಿಗ್ರಾಂ ಕೊಟ್ಟರು. ವಿಯೆನ್ನಾದಲ್ಲಿ ಮಂಡಿನೋವಿಗೆ 600 ಮಿಲಿಗ್ರಾಂ ಕೊಟ್ಟರು. ಎರಡರಲ್ಲೂ ಹೆಚ್ಚಿನ ಲಾಭ ಕಾಣಲಿಲ್ಲ. ಚುಚ್ಚುಮದ್ದು ಕೊಟ್ಟು ಇಲಿಯಲ್ಲಿ ಕೆಲವೇ ದಿನಗಳಲ್ಲಿ ಉಂಟುಮಾಡುವ ಸವೆತವೂ ನಮಗೆ ಹತ್ತಿಪ್ಪತ್ತು ವರ್ಷಗಳಲ್ಲಿ ಬರುವ ಸವೆತವೂ ಒಂದೇ ಅಲ್ಲ, ಬಹುಶಃ ಅದೂ ಒಂದು ಕಾರಣ. ಮೃದ್ವಸ್ಥಿಯ ಸವೆತ ನಿಲ್ಲಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನುಷ್ಯರಲ್ಲಿ ಅದಕ್ಕೆ ಪುರಾವೆಯಿಲ್ಲ.

ಕಾನೂನಿನ ಮಾತೂ ಇದೆ. 1985ರ ಮಾದಕ ವಸ್ತು ಕಾಯ್ದೆಯಡಿ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ತುದಿ. ಬರಿಯ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ, ಆಯುರ್ವೇದದ ಪರವಾನಗಿಯಲ್ಲಿ ಮಾರುವ ‘ವಿಜಯಾ’ ಔಷಧಗಳಿಗೆ ದಾರಿಯಾಗಿರುವುದು ಇದೇ. ಆದರೂ ಔಷಧ ನಿಯಮಗಳ ಇ1 ಪಟ್ಟಿಯಲ್ಲಿ ಇದು ವೈದ್ಯರ ನಿಗಾದಲ್ಲಷ್ಟೇ ಸೇವಿಸಬೇಕಾದ ವಸ್ತು. ಬೀಜದಿಂದ ತೆಗೆದ ಹೆಂಪ್ ಎಣ್ಣೆ ಬೇರೆಯೇ, ಅದರಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ.

ವಾರ್ಫರಿನ್‌ನಂಥ ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ಹೆಚ್ಚು ಎಚ್ಚರ ವಹಿಸಬೇಕು. ಸಿಬಿಡಿ ಅದರ ಪ್ರಭಾವ ಹೆಚ್ಚಿಸಿ ರಕ್ತಸ್ರಾವಕ್ಕೆ ಕಾರಣವಾಗಬಹುದು. ಯಕೃತ್ತಿನ ತೊಂದರೆ ಇರುವವರೂ ದೂರವಿರುವುದು ಒಳ್ಳೆಯದು. ನಿದ್ರೆ ಮಾತ್ರೆಯ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ಮನೆಯ ಹಿರಿಯರು ರಾತ್ರಿ ಬಚ್ಚಲಿಗೆ ಎದ್ದಾಗ ಜಾರಿ ಬಿದ್ದರೆ, ಮಂಡಿನೋವಿನ ಮೇಲೆ ಸೊಂಟದ ಮೂಳೆ ಮುರಿತವೂ ಸೇರಿಕೊಳ್ಳುತ್ತದೆ.

ಈಗ ಪುರಾವೆಯಿರುವ ಚಿಕಿತ್ಸೆ ಸಪ್ಪೆ ಎನಿಸಬಹುದು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ, ಡೈಕ್ಲೋಫೆನಾಕ್ ಜೆಲ್. ಒಂದು ಕಿಲೋ ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯಂಥ ಪಾಲಿಕೆ ಆಸ್ಪತ್ರೆಗೆ ಹೋದರೆ ವ್ಯಾಯಾಮ ಕಲಿಸಿಕೊಡಿ ಎಂದು ನೀವಾಗಿಯೇ ಕೇಳಿ. ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ ಕಾಯಬೇಡಿ, ಅದು ಸವೆತವಲ್ಲ, ಸೋಂಕಿರಬಹುದು.

ಎಣ್ಣೆಯನ್ನು ಈಗಾಗಲೇ ಬಳಸುತ್ತಿದ್ದರೆ ಮುಚ್ಚಿಡಬೇಡಿ. ಮುಂದಿನ ಭೇಟಿಗೆ ಉಳಿದ ಮಾತ್ರೆಗಳ ಜೊತೆ ಆ ಸೀಸೆಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.