ತಾರೀಖು ಕಾಯುವುದಿಲ್ಲ

ನಮ್ಮ ಸಿದ್ದಾಪುರದ ನರ್ಸರಿಗಳವರಿಗೆ ವರ್ಷದಲ್ಲಿ ಎರಡು ತಾರೀಖು ಮುಖ್ಯ: ಜನವರಿ 26 ಮತ್ತು ಆಗಸ್ಟ್ 15. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಆ ದಿನಗಳಿಗೆ ಅಂಟಿಕೊಂಡೇ ನಡೆಯುತ್ತದೆ. ಹೂವು ಅರಳಬೇಕಾದ ದಿನದಿಂದ ಹಿಂದಕ್ಕೆ ಎಣಿಸಿ ಸಸಿ ಮಾಡಬೇಕು. ಅರಳದ ಕುಂಡಕ್ಕಾಗಿ ಪ್ರದರ್ಶನ ಮುಂದಕ್ಕೆ ಹೋಗುವುದಿಲ್ಲ. ಮುಕ್ತ ತಂತ್ರಾಂಶದವರಿಗೆ ಈ ಲೆಕ್ಕ ಹತ್ತಿದ್ದು ತಡವಾಗಿ.

ಮೊದಲೆಲ್ಲ 'ಆದಾಗ ಆಗುತ್ತೆ' ಎನ್ನುವ ಕಾಲ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ 2002ರ ಜುಲೈನಲ್ಲಿ ಒಂದು ಆವೃತ್ತಿ ಬಿಟ್ಟರೆ ಮುಂದಿನದು ಬಂದದ್ದು 2005ರ ಜೂನ್‌ನಲ್ಲಿ. ಲಿನಕ್ಸ್ ಪರದೆಯ ಮೆನು, ಕಿಟಕಿಗಳನ್ನೆಲ್ಲ ನೋಡಿಕೊಳ್ಳುವ ಗ್ನೋಮ್ ಯೋಜನೆ ಮಾತ್ರ 2002ರ ಜೂನ್‌ನಲ್ಲಿ 2.0 ಬಿಟ್ಟ ಮೇಲೆ ಹಟ ಹಿಡಿದು ಆರು ತಿಂಗಳಿಗೊಂದು ಬಿಡುಗಡೆ ಎಂದು ಪಂಚಾಂಗ ಹಾಕಿಕೊಂಡಿತು. ಸಿದ್ಧವಾದದ್ದು ಒಳಗೆ, ಆಗದ್ದು ಮುಂದಿನ ಸಲಕ್ಕೆ. ಉಬುಂಟು ಎಂಬ ಇನ್ನೊಂದು ವಿತರಣೆ ಹುಟ್ಟಿದ್ದೇ ಈ ಪಂಚಾಂಗ ನೋಡಿಕೊಂಡು. 2004ರ ಸೆಪ್ಟೆಂಬರ್‌ನಲ್ಲಿ ಗ್ನೋಮ್ 2.8, ಅಕ್ಟೋಬರ್‌ನಲ್ಲಿ ಉಬುಂಟುವಿನ ಮೊದಲ ಆವೃತ್ತಿ.

ಈ ಸಾಲಿನ ಕಟ್ಟಕಡೆಗೆ ನಿಂತವರು ನಾವು, ಅನುವಾದಕರು. ಗ್ನೋಮ್‌ನ ಒಳಗೆ ಹತ್ತಾರು ತುಂಡುಗಳು, ಒಂದೊಂದಕ್ಕೂ ಬೇರೆ ಬೇರೆ ಯಜಮಾನರು. ಯಾರೂ ಯಾರ ಕೈಕೆಳಗೂ ಇಲ್ಲ. ಆದರೂ ಬಿಡುಗಡೆಗೆ ಕೆಲವು ವಾರ ಇದೆ ಎನ್ನುವಾಗ 'ಸ್ಟ್ರಿಂಗ್ ಫ್ರೀಜ್' ಬರುತ್ತಿತ್ತು. ಅಂದಿನಿಂದ ಪರದೆಯ ಮೇಲಿನ ಇಂಗ್ಲಿಷ್ ಮಾತನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಲೇಬೇಕೆಂದರೆ ಅನುವಾದ ತಂಡದವರ ಒಪ್ಪಿಗೆ ಕೇಳಬೇಕು. ಎಲ್ಲೋ ಕುಳಿತ ಘಟಾನುಘಟಿ ಪ್ರೋಗ್ರಾಮರ್ ಒಂದು ವಾಕ್ಯ ತಿದ್ದಲು ಅನುವಾದಕರಿಗೆ ಅರ್ಜಿ ಹಾಕಿಕೊಳ್ಳುವುದನ್ನು ನೋಡುವುದೇ ಒಂದು ಖುಷಿ!

ಕಟ್ಟುನಿಟ್ಟು ಸುಮ್ಮನೆ ಅಲ್ಲ. ಅನುವಾದ ಬರೆಯುವ ಪಿಓ ಫೈಲಿನಲ್ಲಿ ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ. ಮೂಲದವರು 'ಓಪನ್ ಫೈಲ್' ಮುಂದೆ ಒಂದು ಚುಕ್ಕಿ ಸೇರಿಸಿದರೂ ಸಾಕು, ನಮ್ಮ 'ಕಡತ ತೆರೆ' ಮೇಲೆ 'ಫಜಿ' ಎಂಬ ಮುದ್ರೆ ಬೀಳುತ್ತದೆ. ಫಜಿಯಾದ ಸಾಲು ಬಳಕೆದಾರನ ತನಕ ಹೋಗುವುದೇ ಇಲ್ಲ, ಆ ಜಾಗದಲ್ಲಿ ಇಂಗ್ಲಿಷೇ ಕಾಣುತ್ತದೆ. ಕೊನೆಯ ವಾರದಲ್ಲಿ ನೂರು ಚುಕ್ಕಿ ಬದಲಾದರೆ ಕನ್ನಡದ ನೂರು ಸಾಲು ಮಾಯ.

ಪದ ಸಿದ್ಧವಾದರೂ ಅಕ್ಷರ ಮೂಡಬೇಕಲ್ಲ! ನಿಜವಾದ ಪೇಚಾಟ ಅಲ್ಲಿತ್ತು. ಗ್ನೋಮ್‌ನಲ್ಲಿ ಒತ್ತಕ್ಷರ ಜೋಡಿಸುವ ಕೆಲಸ ಪ್ಯಾಂಗೊದ್ದು, ಅಂಥದೇ ಇನ್ನೊಂದು ಯೋಜನೆ ಕೆಡಿಇಯಲ್ಲಿ ಕ್ಯೂಟಿಯದು, ಓಪನ್ ಆಫೀಸ್‌ನಲ್ಲಿ ಐಸಿಯುವಿನದು. ಒಂದೇ ಯಂತ್ರ, ಒಂದೇ ಫಾಂಟು, ಒಂದೇ ಪದ. ಒಂದು ಕಿಟಕಿಯಲ್ಲಿ ಸರಿ, ಪಕ್ಕದ ಕಿಟಕಿಯಲ್ಲಿ ಎಡವಟ್ಟು. 'ರ‍್ಯಾಂಕ್' ಬರೆದರೆ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಹಾರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇಡಬೇಕು. ಅದನ್ನು ಮೂರೂ ಎಂಜಿನ್‌ಗಳು ಒಂದೇ ರೀತಿ ಓದಬೇಕು. ಸಾಲದ್ದಕ್ಕೆ ಓಪನ್‌ಟೈಪ್ ಎಂಬ ಫಾಂಟು ಮಾನಕದಲ್ಲಿ ಕನ್ನಡಕ್ಕೆ ಹಳೆಯ 'ಕೆಎನ್‌ಡಿಎ' ಗುರುತಿನ ಜೊತೆಗೆ 'ಕೆಎನ್‌ಡಿ2' ಎಂಬ ಹೊಸದೂ ಬಂತು. ಹಳೆಯದರಲ್ಲಿ ವ್ಯಂಜನ ಮೊದಲು, ವಿರಾಮ (್) ಆಮೇಲೆ. ಹೊಸದರಲ್ಲಿ ತಿರುಗುಮುರುಗು. ಫಾಂಟಿನವರು ಹೊಸದಕ್ಕೆ ಹೊರಳಿ ಎಂಜಿನ್ ಹಳೆಯದರಲ್ಲೇ ಉಳಿದಿದ್ದರೆ ಒತ್ತು ಕೆಳಗಿಳಿಯುವ ಖಾತ್ರಿಯಿಲ್ಲ. ಬುದ್ಧಿವಂತರು ಎರಡನ್ನೂ ಫಾಂಟಿನೊಳಗೆ ಇಟ್ಟರು.

ಫಾಂಟಿನವರು, ಎಂಜಿನ್‌ನವರು, ಅನುವಾದಕರು ಎಲ್ಲ ಮುಖಾಮುಖಿ ಸಿಗಲು ನಮ್ಮ ಊರಲ್ಲೇ ಒಂದು ಜಾತ್ರೆ ಇತ್ತು. ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಶುರು ಮಾಡಿದ ಲಿನಕ್ಸ್ ಬೆಂಗಳೂರು 2005ರಲ್ಲಿ ಫಾಸ್ ಡಾಟ್ ಇನ್ ಆಯಿತು. 2009, 2010 ಮತ್ತು 2012ರಲ್ಲಿ ಅದು ನಡೆದದ್ದು ನಿಮ್ಹಾನ್ಸ್ ಸಭಾಂಗಣದಲ್ಲಿ, ಸಿದ್ದಾಪುರದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ನನಗೆ ಭಾಷಣಗಳಿಗಿಂತ ಹೊರಗಿನ ಹರಟೆ ರುಚಿಸಿತು. ಕೋಡು ಬರೆಯುವವನ ಲ್ಯಾಪ್‌ಟಾಪಿನಲ್ಲೇ ಮುರಿದ ಒತ್ತಕ್ಷರ ತೋರಿಸಿದಾಗ ಆಗುವ ಕೆಲಸ ಹತ್ತು ಇಮೇಲಿಗೂ ಆಗುವುದಿಲ್ಲ. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅಂಥ ಜಾತ್ರೆ ನಾನು ಮತ್ತೆ ಕಂಡಿಲ್ಲ.

ಅದೇ ಹೊತ್ತಿಗೆ ಎಂಜಿನ್‌ಗಳೂ ಒಂದಾಗತೊಡಗಿದ್ದವು. 2012ರಲ್ಲಿ ಪ್ಯಾಂಗೊ ಹಾರ್ಫ್‌ಬಜ್ ಎಂಬ ಹೊಸ ಎಂಜಿನ್‌ಗೆ ಹೊರಳಿತು, 2013ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ಲಿಬ್ರೆ ಆಫೀಸ್, ಲಿನಕ್ಸ್ ಮೇಲೆ. 2017ರ ಹೊತ್ತಿಗೆ ಲಿಬ್ರೆ ಆಫೀಸ್ ಎಲ್ಲ ಯಂತ್ರಗಳಲ್ಲೂ ಹಾರ್ಫ್‌ಬಜ್ಜನ್ನೇ ಬಳಸತೊಡಗಿತು.

ಪಂಚಾಂಗ ಮಾತ್ರ ನಮ್ಮ ಕೈ ಬಿಟ್ಟಿತು ಎನ್ನಬೇಕು. ಫೈರ್‌ಫಾಕ್ಸ್ 2011ರಲ್ಲಿ ಆರು ವಾರಕ್ಕೊಂದು ಬಿಡುಗಡೆ ಎಂದಿತು, 2020ರಲ್ಲಿ ನಾಲ್ಕು ವಾರಕ್ಕಿಳಿಯಿತು. ಸಂಬಳದ ಅನುವಾದಕರಿದ್ದರೆ ಈ ಓಟ ಸಲೀಸು. ಭಾನುವಾರ ಸಂಜೆ ಬಿಡುವಾದರೆ ಕೂರುವವರಿಗೆ ಆರು ತಿಂಗಳ ನಡಿಗೆಯೇ ಮೇಲಾಗಿತ್ತು. ಗ್ನೋಮ್ ಮಾತ್ರ ಇಂದಿಗೂ ಮಾರ್ಚ್, ಸೆಪ್ಟೆಂಬರ್ ಬಿಟ್ಟುಕೊಟ್ಟಿಲ್ಲ. ಡೆಬಿಯನ್ ಕೂಡ ಈಗ ಎರಡು ವರ್ಷಕ್ಕೊಮ್ಮೆ ಎಂಬ ರೂಢಿಗೆ ಬಂದಿದೆ. ಹಾಗಾಗಿ ಇವತ್ತು ಹಾರ್ಫ್‌ಬಜ್‌ನಲ್ಲಿ ಯಾರೋ ನೆಟ್ಟಗೆ ಮಾಡಿದ ಕನ್ನಡದ ಒತ್ತು ಡೆಬಿಯನ್ ಸ್ಟೇಬಲ್ ನೆಚ್ಚಿಕೊಂಡವರ ಪರದೆಗೆ ಬರಲು ಎರಡು ವರ್ಷ ಹಿಡಿದರೂ ಹಿಡಿಯಿತು. ಅಲ್ಲಿಯವರೆಗೂ ಅದನ್ನು ದೋಷವೆಂದು ವರದಿ ಮಾಡುವವರು ಮಾಡುತ್ತಲೇ ಇರುತ್ತಾರೆ.