ಚಿಕ್ಕಬಳ್ಳಾಪುರ ಪ್ರದೇಶದ ದೃಷ್ಟಿ, ಮಾಟ ಮತ್ತು ಮಳೆ ನಂಬಿಕೆಗಳು

ಚಿಕ್ಕಬಳ್ಳಾಪುರ ಪ್ರದೇಶದ ದೃಷ್ಟಿ, ಮಾಟ ಮತ್ತು ಮಳೆ ನಂಬಿಕೆಗಳು ಕರ್ನಾಟಕದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ದಿನನಿತ್ಯದ ಬದುಕಿನಲ್ಲಿ ಇಂದಿಗೂ ಕಂಡುಬರುವ ಜನಪದ ನಂಬಿಕೆ ಮತ್ತು ಆಚರಣೆಗಳಾಗಿವೆ. ಕಣ್ಣು ತಾಗುವುದು, ದೃಷ್ಟಿ ತೆಗೆಯುವುದು, ಮಳೆಯ ಮುನ್ಸೂಚನೆಗಳನ್ನು ಗುರುತಿಸುವುದು, ಮಳೆ ಕರೆಯುವುದು, ಕೊಳವೆಬಾವಿಗೆ ಜಾಗ ಗುರುತಿಸುವುದು ಮತ್ತು ಮಾಟದ ಭಯ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಬಹುಪಾಲು ನಂಬಿಕೆಗಳು ಯಾರನ್ನೂ ದೂಷಿಸದೆ ಕೆಡುಕನ್ನು ವಿವರಿಸುತ್ತವೆ. ಕೆಲವು ಮಾತ್ರ ಕೆಡುಕಿಗೆ ಒಬ್ಬ ವ್ಯಕ್ತಿಯನ್ನು ಹೊಣೆಯಾಗಿಸುತ್ತವೆ. ಈ ವ್ಯತ್ಯಾಸವು ಸಾಮಾಜಿಕವಾಗಿಯೂ ಕಾನೂನಿನ ದೃಷ್ಟಿಯಿಂದಲೂ ಮಹತ್ವದ್ದಾಗಿದೆ.

== ಹಿನ್ನೆಲೆ ==
ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ನಂದಿ ಬೆಟ್ಟಗಳ ಸುತ್ತಲಿನ ಪ್ರದೇಶದಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮುಂತಾದ ನದಿಗಳು ಹುಟ್ಟಿದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೃಷಿಯು ಮಳೆ, ಕೆರೆ ಮತ್ತು ಕೊಳವೆಬಾವಿಗಳನ್ನು ಅವಲಂಬಿಸಿದೆ. ರಾಗಿ, ನೆಲಗಡಲೆ, ಅವರೆ, ಟೊಮೆಟೊ, ದ್ರಾಕ್ಷಿ ಮತ್ತು ಹಿಪ್ಪುನೇರಳೆ ಇಲ್ಲಿನ ಪ್ರಮುಖ ಬೆಳೆಗಳು. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚಾಣಿಕೆಗೆ ಹೆಸರಾಗಿದೆ.

ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡ ಈ ಭಾಗದಲ್ಲಿ ಕನ್ನಡದೊಂದಿಗೆ ತೆಲುಗು ಮತ್ತು ಉರ್ದು ಮಾತನಾಡುವವರೂ ಹೆಚ್ಚಾಗಿದ್ದಾರೆ. ಕನ್ನಡದ 'ದೃಷ್ಟಿ' ತೆಲುಗಿನಲ್ಲಿ 'ದಿಷ್ಟಿ'ಯಾಗಿಯೂ ಉರ್ದುವಿನಲ್ಲಿ 'ನಜರ್' ಆಗಿಯೂ ಬಳಕೆಯಲ್ಲಿದೆ.

== ದೃಷ್ಟಿ ==
ಮನುಷ್ಯರ ನೋಟ ಅಥವಾ ಮೆಚ್ಚುಗೆಯ ಮಾತಿನಿಂದ ಮಕ್ಕಳಿಗೆ, ದನಕರುಗಳಿಗೆ, ಬೆಳೆಗೆ ಅಥವಾ ಹೊಸ ಮನೆಗೆ ಕೇಡಾಗುತ್ತದೆ ಎಂಬ ನಂಬಿಕೆಗೆ ದೃಷ್ಟಿ ಎನ್ನುತ್ತಾರೆ. 'ಕಣ್ಣು ಬಿತ್ತು', 'ದೃಷ್ಟಿಯಾಯಿತು' ಎಂಬುದು ಇದರ ಸಾಮಾನ್ಯ ಬಳಕೆ. ದೃಷ್ಟಿ ತಾಗಿಸುವವರಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಹೆತ್ತ ತಾಯಿಯ ದೃಷ್ಟಿಯೇ ಮಗುವಿಗೆ ತಾಗಬಹುದು ಎಂಬ ನಂಬಿಕೆಯೂ ಇದೆ. ಆದ್ದರಿಂದ ದೃಷ್ಟಿಯನ್ನು ಉದ್ದೇಶವಿಲ್ಲದೆ ಉಂಟಾಗುವ ಕೆಡುಕು ಎಂದು ವಿವರಿಸಬಹುದು.

ಮಾನವಶಾಸ್ತ್ರದಲ್ಲಿ ಇದೇ ಬಗೆಯ ವಿಂಗಡಣೆಯನ್ನು ಬ್ರಿಟಿಷ್ ವಿದ್ವಾಂಸ ಇ. ಇ. ಇವಾನ್ಸ್-ಪ್ರಿಚರ್ಡ್ ಆಫ್ರಿಕಾದ ಅಜಾಂಡೆ ಜನರನ್ನು ಕುರಿತ ತಮ್ಮ 1937ರ ಕೃತಿಯಲ್ಲಿ ಪ್ರಸಿದ್ಧಗೊಳಿಸಿದರು. ವ್ಯಕ್ತಿಯೊಳಗೆ ಹುಟ್ಟಿನಿಂದಲೇ ಇದ್ದು, ಅವನಿಗೇ ತಿಳಿಯದಂತೆ ಕೆಲಸ ಮಾಡಬಲ್ಲ ಶಕ್ತಿ ಒಂದು ಬಗೆ. ವಸ್ತು ಮತ್ತು ಮಂತ್ರಗಳನ್ನು ಬಳಸಿ ಬೇಕೆಂದೇ ಮಾಡುವ ಕ್ರಿಯೆ ಇನ್ನೊಂದು ಬಗೆ. ಚಿಕ್ಕಬಳ್ಳಾಪುರ ಪ್ರದೇಶದ ದೃಷ್ಟಿಯು ಮೊದಲನೆಯದಕ್ಕೂ ಮಾಟವು ಎರಡನೆಯದಕ್ಕೂ ಹತ್ತಿರವಾಗಿವೆ.

=== ತಡೆ ಮತ್ತು ಪರಿಹಾರ ===
ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಡುವುದು, ಕಾಲಿಗೆ ಕರಿದಾರ ಕಟ್ಟುವುದು, ತಾಯತ ಹಾಕಿಸುವುದು, ಕಟ್ಟುತ್ತಿರುವ ಮನೆಗೆ ರಾಕ್ಷಸನ ಮುಖ ಬರೆದ ಬೂದುಗುಂಬಳಕಾಯಿ ತೂಗುಹಾಕುವುದು, ಅಂಗಡಿ ಹಾಗೂ ವಾಹನಗಳಿಗೆ ನಿಂಬೆಹಣ್ಣು–ಮೆಣಸಿನಕಾಯಿ ಕಟ್ಟುವುದು ಸಾಮಾನ್ಯ ತಡೆಗಳು. ಟೊಮೆಟೊ ಮತ್ತು ದ್ರಾಕ್ಷಿ ತೋಟಗಳಲ್ಲಿ ನೋಡುವವರ ಕಣ್ಣು ಮೊದಲು ತನ್ನ ಮೇಲೆ ಬೀಳಲೆಂದು ಬೆದರುಬೊಂಬೆ ನಿಲ್ಲಿಸುತ್ತಾರೆ. ಇತ್ತೀಚೆಗೆ ಬಣ್ಣದ ಸೀರೆಗಳು ಮತ್ತು ಚಿತ್ರನಟಿಯರ ಚಿತ್ರವಿರುವ ಫ್ಲೆಕ್ಸ್ ಫಲಕಗಳು ಸಹ ಹೊಲದ ಅಂಚಿನಲ್ಲಿ ಈ ಕೆಲಸಕ್ಕೆ ಬಳಕೆಯಾಗುತ್ತಿವೆ.

ದೃಷ್ಟಿ ತೆಗೆಯುವಾಗ ಉಪ್ಪು, ಒಣಮೆಣಸಿನಕಾಯಿ, ಸಾಸಿವೆ, ಪೊರಕೆ ಕಡ್ಡಿ ಇತ್ಯಾದಿಗಳನ್ನು ಮೂರು ಬಾರಿ ನಿವಾಳಿಸಿ ಬೆಂಕಿಗೆ ಹಾಕಲಾಗುತ್ತದೆ. ಮೆಣಸಿನಕಾಯಿಯ ಘಾಟು ಬಾರದಿದ್ದರೆ ದೃಷ್ಟಿ ತಾಗಿತ್ತೆಂದೂ ಬಂದರೆ ಇಲ್ಲವೆಂದೂ ಅರ್ಥೈಸುತ್ತಾರೆ. ಘಾಟಿಗೆ ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಕಾರಣ. ಕಾಯಿಯ ತಳಿ, ಪ್ರಮಾಣ, ಉರಿಯ ತೀವ್ರತೆ ಮತ್ತು ಗಾಳಿಯ ಚಲನೆಗೆ ತಕ್ಕಂತೆ ಅದು ಬದಲಾಗುತ್ತದೆ. ಈ ಕ್ರಿಯೆಯ ಕೊನೆಯಲ್ಲಿ ಯಾರ ಹೆಸರನ್ನೂ ಹೇಳಬೇಕಾಗಿಲ್ಲ. ಕೆಡುಕು ಸುಟ್ಟುಹೋಯಿತೆಂದು ಭಾವಿಸಲಾಗುತ್ತದೆ.

=== ರೇಷ್ಮೆ ಹುಳು ಸಾಕಣೆ ಮನೆ ===
ರೇಷ್ಮೆ ಹುಳುವಿಗೆ ಬೇಗನೆ ದೃಷ್ಟಿ ತಾಗುತ್ತದೆ ಎಂದು ಸಾಕಣೆದಾರರಲ್ಲಿ ನಂಬಿಕೆಯಿದೆ. ಸಾಕಣೆ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ; 'ಹುಳು ಚೆನ್ನಾಗಿದೆ' ಎಂದು ಹೊಗಳುವುದನ್ನು ಇಷ್ಟಪಡುವುದಿಲ್ಲ. ನಾಲ್ಕು 'ಜ್ವರ'ಗಳನ್ನು, ಅಂದರೆ ಪೊರೆ ಬಿಡುವ ಹಂತಗಳನ್ನು, ದಾಟಿ ಸುಮಾರು 25 ದಿನಗಳಲ್ಲಿ ಹುಳುಗಳು ಚಂದ್ರಿಕೆಗೆ ಏರುತ್ತವೆ. ಕೊನೆಯ ಹಂತದಲ್ಲಿ ರೋಗ ತಗುಲಿದರೆ ಅಷ್ಟೂ ದಿನಗಳ ಸೊಪ್ಪು, ಕೂಲಿ ಮತ್ತು ಸಾಲ ಒಮ್ಮೆಗೇ ನಷ್ಟವಾಗುತ್ತದೆ.

ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮತ್ತು ಗಂಟು ರೋಗಗಳು ಕ್ರಮವಾಗಿ ವೈರಸ್, ಮುಖ್ಯವಾಗಿ ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ಸೂಕ್ಷ್ಮ ಪರಾವಲಂಬಿಗಳಿಂದ ಬರುತ್ತವೆ. ಇವುಗಳಲ್ಲಿ ಹಲವು ರೋಗಗಳ ಸೋಂಕು ಕೈಕಾಲು, ಬಟ್ಟೆ ಮತ್ತು ಸಲಕರಣೆಗಳ ಮೂಲಕ ಹರಡಬಲ್ಲದು. ಹೀಗಾಗಿ ಹೊರಗಿನವರನ್ನು ತಡೆಯುವ ಹಳೆಯ ಕಟ್ಟುಪಾಡು ರೇಷ್ಮೆ ಇಲಾಖೆ ಹೇಳುವ ಶುಚಿತ್ವದ ನಿಯಮದೊಂದಿಗೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಕೊಡುವ ಕಾರಣ ಬೇರೆ. ಅದೇ ಕಟ್ಟುಪಾಡಿನ ಭಾಗವಾಗಿ ಮುಟ್ಟಾದ ಮಹಿಳೆಯರನ್ನು ಹೊರಗಿಡುವುದಕ್ಕೆ ಯಾವುದೇ ವೈಜ್ಞಾನಿಕ ಆಧಾರವಿಲ್ಲ. ಸಾಕಣೆಯ ಕೆಲಸದಲ್ಲಿ ದೊಡ್ಡ ಪಾಲು ಮಹಿಳೆಯರದ್ದೇ ಆಗಿರುವುದರಿಂದ ಬೆಳೆ ಕೆಟ್ಟಾಗ ದೂರು ಅವರ ಮೇಲೆ ಬರುವ ಸಂಭವವೂ ಇದೆ.

== ಮಳೆಯ ಸೂಚನೆಗಳು ==
ರೈತರು ಮಳೆಗಾಲವನ್ನು ನಕ್ಷತ್ರಗಳ ಹೆಸರಿನಲ್ಲಿ ಎಣಿಸುತ್ತಾರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಸುಮಾರು 13–14 ದಿನಗಳ ಅವಧಿಯನ್ನು ಒಂದು 'ಮಳೆ' ಎನ್ನುತ್ತಾರೆ. ಏಪ್ರಿಲ್–ಮೇ ತಿಂಗಳ ಅಶ್ವಿನಿ, ಭರಣಿ ಮಳೆಗಳು ಉಳುಮೆಗೂ ಜುಲೈನ ಪುನರ್ವಸು, ಪುಷ್ಯ ಮಳೆಗಳು ರಾಗಿ ಬಿತ್ತನೆಗೂ ಮುಖ್ಯವಾಗಿವೆ. ಸೆಪ್ಟೆಂಬರ್ ಕೊನೆಯಿಂದ ಬರುವ ಹಸ್ತ, ಚಿತ್ತ ಮಳೆಗಳು ತೆನೆ ಕಟ್ಟುವ ಬೆಳೆಗೆ ಆಸರೆಯಾಗುತ್ತವೆ. ಈ ಎಣಿಕೆಯು ನಕ್ಷತ್ರಗಳನ್ನು ಆಧರಿಸಿದ್ದು, ಋತುಚಕ್ರಕ್ಕೆ ಹೋಲಿಸಿದರೆ ಸುಮಾರು 72 ವರ್ಷಗಳಿಗೆ ಒಂದು ದಿನದಷ್ಟು ಹಿಂದೆ ಬೀಳುತ್ತದೆ. ಸಾವಿರ ವರ್ಷಗಳಲ್ಲಿ ಈ ಅಂತರ ಹೆಚ್ಚುಕಡಿಮೆ ಒಂದು ನಕ್ಷತ್ರದ ಅವಧಿಯಷ್ಟಾಗುತ್ತದೆ.

ಇರುವೆಗಳು ಮೊಟ್ಟೆ ಹೊತ್ತು ಎತ್ತರಕ್ಕೆ ಸಾಗುವುದು, ಗೆದ್ದಲು ರೆಕ್ಕೆ ಮೂಡಿ ಹೊರಬರುವುದು, ಏರೋಪ್ಲೇನ್ ಚಿಟ್ಟೆಗಳು ತಗ್ಗಿನಲ್ಲಿ ಹಾರುವುದು, ಕಪ್ಪೆ ಕೂಗುವುದು, ಚಂದ್ರನ ಸುತ್ತ ಬಳೆಯಂತಹ ಪರಿವೇಷ ಕಾಣುವುದು ಮಳೆಯ ಸೂಚನೆಗಳೆಂದು ಪರಿಗಣಿತವಾಗಿವೆ. ರೆಕ್ಕೆಗೆದ್ದಲು ಮತ್ತು ಕಪ್ಪೆಗಳ ಚಟುವಟಿಕೆಗೂ ಗಾಳಿಯ ತೇವಾಂಶಕ್ಕೂ ನಿಜವಾದ ಸಂಬಂಧವಿದೆ. ಪರಿವೇಷವು ಎತ್ತರದ ಮೋಡಗಳಲ್ಲಿನ ಹಿಮಕಣಗಳಿಂದ ಬೆಳಕು ಬಾಗಿ ಉಂಟಾಗುತ್ತದೆ. ಆದರೆ ಇವು ಆ ಹೊತ್ತಿನ ವಾತಾವರಣವನ್ನು ಸೂಚಿಸುತ್ತವೆಯೇ ಹೊರತು ಇಡೀ ಹಂಗಾಮಿನ ಮಳೆಯನ್ನು ಹೇಳಲಾರವು.

== ಮಳೆ ಕರೆಯುವ ಆಚರಣೆಗಳು ==
ಮಳೆ ಕೈಕೊಟ್ಟಾಗ ಹುಡುಗರು ಮಣ್ಣಿನ ಮಳೆರಾಯನ ಮೂರ್ತಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಮೂರ್ತಿಗೆ ನೀರು ಸುರಿದು ಕಾಳುಕಡಿ ಕೊಡುತ್ತಾರೆ. ಸಂಗ್ರಹವಾದ ಧಾನ್ಯದಿಂದ ಊರಿಗೆ ಊಟ ಹಾಕುವುದುಂಟು. ಚಂದಮಾಮನ ಪೂಜೆ, ಕಪ್ಪೆಗಳ ಮದುವೆ ಮತ್ತು ಕತ್ತೆಗಳ ಮದುವೆ ಇದೇ ಬಗೆಯ ಆಚರಣೆಗಳು. ಇವು ಬರದ ಭಯವನ್ನು ಊರಿನವರೆಲ್ಲ ಸೇರಿ ಎದುರಿಸುವ ಸಂದರ್ಭಗಳಾಗಿವೆ.

ಇದಕ್ಕೆ ವ್ಯತಿರಿಕ್ತವಾಗಿ, ತೊನ್ನು ಇದ್ದವರ ಶವವನ್ನು ಹೂಳುವುದರಿಂದ ಮಳೆ ನಿಲ್ಲುತ್ತದೆ ಎಂಬ ನಂಬಿಕೆ ಕರ್ನಾಟಕದ ಬಯಲುಸೀಮೆಯ ಕೆಲವು ಭಾಗಗಳಲ್ಲಿದೆ. ಬರಗಾಲದಲ್ಲಿ ಅಂಥ ಶವಗಳನ್ನು ಹೊರತೆಗೆದು ಸುಟ್ಟ ಘಟನೆಗಳು ವರದಿಯಾಗಿವೆ. ತೊನ್ನು ಚರ್ಮದ ಬಣ್ಣ ಕಳೆದುಹೋಗುವ ಸ್ಥಿತಿಯಷ್ಟೇ ಆಗಿದ್ದು, ಅಂಟುರೋಗವಲ್ಲ. ಇಲ್ಲಿ ಮಳೆಯ ಕೊರತೆಯ ಹೊಣೆ ಸತ್ತ ವ್ಯಕ್ತಿ ಮತ್ತು ಆ ಕುಟುಂಬದ ಮೇಲೆ ಬೀಳುತ್ತದೆ.

== ನೀರಿನ ಜಾಗ ನೋಡುವುದು ==
ಅಂತರ್ಜಲ ಕುಸಿದು, ಕೊಳವೆಬಾವಿಗಳನ್ನು ಸಾವಿರ ಅಡಿಗೂ ಹೆಚ್ಚು ಆಳಕ್ಕೆ ಕೊರೆಯಬೇಕಾದ ಈ ಪ್ರದೇಶದಲ್ಲಿ ನೀರಿನ 'ಪಾಯಿಂಟ್' ಗುರುತಿಸುವವರಿಗೆ ಬೇಡಿಕೆಯಿದೆ. ಅವರು ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಅಥವಾ ಕವಲೊಡೆದ ಬೇವಿನ ಕಡ್ಡಿ ಹಿಡಿದು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಅಥವಾ ಕಡ್ಡಿ ಬಾಗಿದ ಕಡೆ ನೀರಿದೆ ಎನ್ನಲಾಗುತ್ತದೆ.

ಹಿಡಿದವರಿಗೇ ಅರಿವಾಗದಂತೆ ಸ್ನಾಯುಗಳು ಚಲಿಸುವುದು ಇದಕ್ಕೆ ಕಾರಣವೆಂದು ಶರೀರವಿಜ್ಞಾನ ವಿವರಿಸುತ್ತದೆ. ಬ್ರಿಟಿಷ್ ವಿಜ್ಞಾನಿ ವಿಲಿಯಂ ಕಾರ್ಪೆಂಟರ್ 1852ರಲ್ಲಿ ಈ ವಿದ್ಯಮಾನವನ್ನು ವಿವರಿಸಿದರು. ಆದ್ದರಿಂದ ಕಡ್ಡಿ ಹಿಡಿಯುವವರು ಮೋಸ ಮಾಡುತ್ತಿರಬೇಕಾಗಿಲ್ಲ. ಆದರೆ ನಿಯಂತ್ರಿತ ಪರೀಕ್ಷೆಗಳಲ್ಲಿ ಈ ವಿಧಾನ ಊಹೆಗಿಂತ ಉತ್ತಮವೆಂದು ಸಾಬೀತಾಗಿಲ್ಲ. ವಿಫಲ ಕೊಳವೆಬಾವಿಯ ವೆಚ್ಚ ರೈತನ ಸಾಲವಾಗಿ ಉಳಿಯುತ್ತದೆ. ಭೂವಿಜ್ಞಾನಿಗಳು ಶಿಲಾಪದರಗಳ ವಿದ್ಯುತ್ ರೋಧವನ್ನು ಅಳೆದು ಜಾಗ ಸೂಚಿಸುತ್ತಾರೆ. ಗಟ್ಟಿ ಕಲ್ಲಿನ ನೆಲದಲ್ಲಿ ಅದೂ ಖಚಿತ ಭರವಸೆಯಲ್ಲ.

== ಮಾಟ ==
ಬೇಕೆಂದೇ ಕೇಡು ಮಾಡಿಸುವುದನ್ನು ಮಾಟ, ವಾಮಾಚಾರ ಎಂದೂ, ಆಹಾರದಲ್ಲಿ ಏನನ್ನೋ ಬೆರೆಸಿ ವಶ ಮಾಡಿಕೊಳ್ಳುವುದನ್ನು ಮದ್ದು ಹಾಕುವುದು ಎಂದೂ ಕರೆಯುತ್ತಾರೆ. ಬಾಗಿಲಲ್ಲಿ ಅಥವಾ ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಜನ ದಾಟದೆ ಬಳಸಿ ಹೋಗುತ್ತಾರೆ. ಹಲವು ಬಾರಿ ಅದು ಯಾರೋ ದೃಷ್ಟಿ ತೆಗೆದು ಎಸೆದ ಹಣ್ಣೇ ಆಗಿರುತ್ತದೆ. ಹೀಗೆ ಒಂದು ಮನೆಯ ರಕ್ಷಣೆಯ ಕ್ರಿಯೆ ಇನ್ನೊಂದು ಮನೆಗೆ ಬೆದರಿಕೆಯಾಗಿ ಕಾಣಬಹುದು.

1990ರ ದಶಕದಲ್ಲಿ ರಾತ್ರಿ ಬಾಗಿಲು ತಟ್ಟುವ ಹೆಣ್ಣುದೆವ್ವದ ವದಂತಿ ಹರಡಿ, ಕರ್ನಾಟಕದ ಅನೇಕ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯಲಾಗಿತ್ತು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಗಾಳಿ, ಮಾಟಗಳಿಂದ ಬಿಡುಗಡೆ ಬಯಸಿ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ.

ಮಾಟದ ನಂಬಿಕೆಯಲ್ಲಿ ಕಾಯಿಲೆ, ಬಂಜೆತನ ಅಥವಾ ಸಾವಿಗೆ 'ಯಾರು ಮಾಡಿಸಿದರು' ಎಂಬ ಪ್ರಶ್ನೆ ಏಳುತ್ತದೆ. ಒಂಟಿ ವಿಧವೆಯರು, ಜಮೀನಿನ ತಕರಾರಿರುವ ದಾಯಾದಿಗಳು ಮತ್ತು ನೆರೆಯವರು ಸುಲಭವಾಗಿ ಅನುಮಾನಕ್ಕೆ ಗುರಿಯಾಗುತ್ತಾರೆ. ಚಿಕಿತ್ಸೆ ತಡವಾಗುವುದು ಇದರ ಇನ್ನೊಂದು ಅಪಾಯ.

== ವಿಚಾರವಾದ ಮತ್ತು ಕಾನೂನು ==
ಶಿಕ್ಷಣತಜ್ಞ, ಭೌತಶಾಸ್ತ್ರಜ್ಞ ಎಚ್. ನರಸಿಂಹಯ್ಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳು ಮತ್ತು ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದರು. 'ತೆರೆದ ಮನ' ಮತ್ತು ಆತ್ಮಕಥೆ 'ಹೋರಾಟದ ಹಾದಿ' ಅವರ ಕೃತಿಗಳು. ಅದೇ ವರ್ಷದ 42ನೇ ತಿದ್ದುಪಡಿಯು ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ಸಂವಿಧಾನದ 51ಎ(ಎಚ್) ವಿಧಿಯಲ್ಲಿ ಮೂಲಭೂತ ಕರ್ತವ್ಯವಾಗಿ ಸೇರಿಸಿತು.

ಮೌಢ್ಯ ನಿಷೇಧ ಕಾಯ್ದೆ ಎಂದು ಪರಿಚಿತವಾದ, ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧದ ಕರ್ನಾಟಕದ ಕಾನೂನು 2017ರಲ್ಲಿ ಅಂಗೀಕಾರಗೊಂಡು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ನಿಧಿಗಾಗಿ ವಾಮಾಚಾರ ನಡೆಸುವುದು, ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು, ಹಾವು ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ತಡೆದು ಮಂತ್ರ ಹಾಕುವುದು ಮುಂತಾದವು ಅಪರಾಧಗಳು. ಇವುಗಳಿಗೆ ಒಂದರಿಂದ ಏಳು ವರ್ಷಗಳವರೆಗೆ ಸೆರೆವಾಸ ಮತ್ತು ₹5,000ದಿಂದ ₹50,000ದವರೆಗೆ ದಂಡವಿದೆ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಜ್ಯೋತಿಷ್ಯ ಮತ್ತು ವಾಸ್ತು ಸಲಹೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

== ಇವನ್ನೂ ನೋಡಿ ==
* ಚಿಕ್ಕಬಳ್ಳಾಪುರ ಜಿಲ್ಲೆ
* ಎಚ್. ನರಸಿಂಹಯ್ಯ
* ರೇಷ್ಮೆ ಕೃಷಿ
* ಮಳೆ ನಕ್ಷತ್ರಗಳು