ಹೊಸರಿತ್ತಿ: ಗುಡಿಯೊಳಗಿನ ಖಜಾನೆ

ಹೊಸರಿತ್ತಿಯಲ್ಲಿ ಬಸ್ಸಿಳಿದ ಪರವೂರಿನವರು ಮೊದಲು ಕೇಳುವುದು ಧೀರೇಂದ್ರತೀರ್ಥರ ಬೃಂದಾವನದ ದಾರಿ. ಮಕ್ಕಳನ್ನು ಶಾಲೆಗೆ ಸೇರಿಸಲು ಬಂದವರು ಗಾಂಧಿ ಗ್ರಾಮೀಣ ಗುರುಕುಲ ಕೇಳುತ್ತಾರೆ. ವೀರಭದ್ರನ ಗುಡಿ ಎಲ್ಲಿ ಎಂದು ಕೇಳುವವರು ಕಡಿಮೆ. ನಾನು ಹೋದದ್ದು ಆ ಗುಡಿಗೇ.

ಊರು ವರದಾ ಹೊಳೆಯ ದಂಡೆಯದು. ಹಾನಗಲ್ಲ, ಸವಣೂರ ಸೀಮೆ ಹಾದು ಬರುವ ಈ ಹೊಳೆ ಮುಂದೆ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ತಾಲೂಕು ಹಾವೇರಿ, ಜಿಲ್ಲೆ 1997ರವರೆಗೆ ಧಾರವಾಡ, ಆಮೇಲೆ ಹಾವೇರಿ. ಸರಕಾರಿ ವಿವರ ಇಷ್ಟು ಸಾಕು.

ಗುಡಿಯ ಕಥೆ ಬ್ರಿಟಿಷರ ಕಾಲದ್ದು. ಆಗ ಹಳ್ಳಿಗಳಲ್ಲಿ ಬ್ಯಾಂಕು ಎಲ್ಲಿಯದು? ರೈತ ಕಟ್ಟಿದ ಕಂದಾಯದ ರೊಕ್ಕವೇ ಊರಿನ ಖಜಾನೆ. ಅದನ್ನು ಮೇಲಕ್ಕೆ ಹೋಗಗೊಡದಿದ್ದರೆ ಬ್ರಿಟಿಷರ ಹೊಟ್ಟೆಗೇ ಹೊಡೆದಂತೆ. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ತಂಡ ಹಿಡಿದದ್ದು ಈ ದಾರಿ. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕನ್ನಡಿಗ ಇವರೊಬ್ಬರೇ. ಆಗ ಹದಿನೆಂಟರ ಹುಡುಗ.

1943ರ ಏಪ್ರಿಲ್ 1. ಹೊಸರಿತ್ತಿಯ ಕಂದಾಯದ ಹಣ ವೀರಭದ್ರನ ಗುಡಿಯಲ್ಲಿ, ಪೊಲೀಸ್ ಕಾವಲಿನಲ್ಲಿತ್ತು. ತಂಡ ನುಗ್ಗಿತು, ಕಾವಲಿನವರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ, ಮೂವರೂ ಹೋದರು. ಮಹಾದೇವಪ್ಪನವರಿಗೆ 32 ಎಂದು ಬರೆಯುವುದು ರೂಢಿ. ಹುಟ್ಟಿದ್ದು 1911ರ ಜೂನ್ 8. ಲೆಕ್ಕ ಹಾಕಿದರೆ 32 ತುಂಬಲು ಇನ್ನೂ ಎರಡು ತಿಂಗಳಿತ್ತು.

ಗುಡಿಯೊಳಗೆ ನಿಂತಾಗ ನನ್ನನ್ನು ಕಾಡಿದ್ದು ಒಂದು ಶಬ್ದ. ಇದನ್ನು ಲೂಟಿ ಎನ್ನಬೇಕೇ, ದಾಳಿ ಎನ್ನಬೇಕೇ? ಕಾವಲಿದ್ದ ಸರಕಾರದ ಕಣ್ಣಿಗೆ ಇದು ದರೋಡೆ. ಸವಣೂರ ಕಡೆಯ ನಮ್ಮ ಅಜ್ಜಿ ಹೇಳುತ್ತಿದ್ದದ್ದೇ ಬೇರೆ: "ಅವ್ರು ಕಳ್ರಲ್ಲೋ ತಮ್ಮಾ. ನಮ್ಮ ರೊಕ್ಕ ನಮಗ ಕೊಡ್ರಿ ಅನ್ನಾಕ ಹೋಗಿದ್ರು."

ಈ ಪ್ರಶ್ನೆಗೆ ದೂರದ ಇನ್ನೊಂದು ಊರಿನ ಕಥೆ ಹೋಲಿಸಿ ನೋಡಬಹುದು. ಅಮೆರಿಕದ ಮಿನೆಸೋಟಾದಲ್ಲಿ ನಾರ್ತ್‌ಫೀಲ್ಡ್ ಎಂಬ ಸಣ್ಣ ಊರಿದೆ. 1876ರ ಸೆಪ್ಟೆಂಬರ್ 7ರಂದು ಜೆಸ್ಸಿ ಜೇಮ್ಸ್ ಎಂಬ ದರೋಡೆಕೋರನ ಗ್ಯಾಂಗು ಅಲ್ಲಿಯ ಬ್ಯಾಂಕಿಗೆ ನುಗ್ಗಿತ್ತು. ತಿಜೋರಿ ತೆಗೆಯಲೊಲ್ಲದ ಹೇವುಡ್ ಎಂಬ ಬ್ಯಾಂಕಿನವ ಪ್ರಾಣ ಬಿಟ್ಟ. ಊರವರು ಬಂದೂಕು ಹಿಡಿದು ದರೋಡೆಕೋರರನ್ನು ಓಡಿಸಿದರು. ಇಂದಿಗೂ ಪ್ರತಿ ಸೆಪ್ಟೆಂಬರಿನಲ್ಲಿ ಅದರ ಉತ್ಸವ ಮಾಡುತ್ತಾರೆ. ಅಲ್ಲಿ ಖಜಾನೆ ಕಾಯ್ದವ ಹುತಾತ್ಮ, ಇಲ್ಲಿ ಖಜಾನೆಗೆ ನುಗ್ಗಿದವರು. ಪೆಟ್ಟಿಗೆಯ ರೊಕ್ಕ ಯಾರದು ಎಂಬುದರ ಮೇಲೆ ಎಲ್ಲ ನಿಂತಿದೆ. ಅಲ್ಲಿದ್ದದ್ದು ಜನ ನಂಬಿ ಇಟ್ಟದ್ದು, ಇಲ್ಲಿದ್ದದ್ದು ಜನರಿಂದ ಕಿತ್ತದ್ದು.

ನನ್ನದೊಂದು ತಕರಾರೂ ಇದೆ. ಹಾವೇರಿಯ ರೈಲು ನಿಲ್ದಾಣಕ್ಕೆ ಮಹಾದೇವಪ್ಪನವರ ಹೆಸರಾಯಿತು, ಅಂಚೆಚೀಟಿಯೂ ಬಂತು. ಆಗಲೇಬೇಕಾದದ್ದು. ಆದರೆ ಅದೇ ದಿನ, ಅದೇ ಗುಡಿಯಲ್ಲಿ ಬಿದ್ದ ತಿರಕಪ್ಪ, ವೀರಯ್ಯ ಯಾರು ಎಂದು ನಮ್ಮ ಶಾಲೆಯ ಹುಡುಗರನ್ನು ಕೇಳಿ ನೋಡಿ.

ಅಂಥವರ ಸುಳಿವು ಹಳೆಯ ಕಾಗದಗಳಲ್ಲಿ ಸಿಕ್ಕರೂ ಸಿಗಬಹುದು. ಅದಕ್ಕೇ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಗೌಡಕಿ, ಕುಲಕರ್ಣಿಕಿ ಮನೆತನಗಳವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ 1942-43ರ ಚಾವಡಿ ಕಾಗದ, ಕಂದಾಯದ ಪಾವತಿ ಇದ್ದರೆ ರದ್ದಿಗೆ ಹಾಕಬೇಡಿ. ಹಾಕುವುದೇ ಆದರೆ ಅದಕ್ಕೂ ಮುಂಚೆ ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆದಿಡಿ.